ಗೋದಲಿಗೆ ರಾಗಿ ಬಿತ್ತಿದ ಲೆಕ್ಕ

ಈ ಸಂಚಿಕೆ ನಿಮ್ಮ ಕೈ ಸೇರುವಾಗ ಡಿಸೆಂಬರ್ ಮೊದಲ ವಾರ. ಮನೆಯಲ್ಲಿ ಎರಡರಿಂದ ಐದು ವರ್ಷದೊಳಗಿನ ಮಗು ಇದ್ದು, ಅದನ್ನು ನೋಡಿಕೊಳ್ಳುವ ಕೆಲಸ ಅಜ್ಜ ಅಜ್ಜಿಯ ಪಾಲಿಗೆ ಬಂದಿದ್ದರೆ, ಮೊದಲು ಒಂದು ಹಿಡಿ ರಾಗಿ ತೆಗೆದಿಡಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಕಳೆದ ವರ್ಷ ನನ್ನ ಮಗಳು ಎರಡನೆಯ ಹೆರಿಗೆಗೆಂದು ಬೆಂಗಳೂರಿನಿಂದ ನಮ್ಮ ಗಾಳಿಬೀಡಿಗೆ ಬಂದಿದ್ದಳು. ಡಿಸೆಂಬರ್ ಆರಂಭದಲ್ಲಿ ಮಡಿಕೇರಿಯಲ್ಲಿ ಹೆರಿಗೆಯಾಯಿತು, ಗಂಡು ಮಗು. ಬಾಣಂತಿ, ಹಸುಗೂಸು, ಎಣ್ಣೆ, ಬಿಸಿನೀರು, ಲೇಹ್ಯ, ಇಷ್ಟೂ ನಮ್ಮಾಕೆಯ ಇಲಾಖೆ. ಉಳಿದವಳು ಮೂರೂವರೆ ವರ್ಷದ ದೊಡ್ಡ ಮೊಮ್ಮಗಳು ಪುಟ್ಟಿ. ಅವಳನ್ನು ನನ್ನ ಕೌಂಟರಿಗೆ ಕಳಿಸಿದರು.

ನಾನು ಓದಿದ್ದು ಬಿ.ಕಾಂ. ಕೆಲಸ ಮಾಡಿದ್ದು 34 ವರ್ಷ, ಬ್ಯಾಂಕಿನ ಗುಮಾಸ್ತನಾಗಿ. ನೋಟು ಎಣಿಸಲು ಬರುತ್ತದೆ, ಲೆಡ್ಜರ್ ತಾಳೆ ಹಾಕಲು ಬರುತ್ತದೆ. ನಮ್ಮ ಮಕ್ಕಳು ಚಿಕ್ಕವರಿದ್ದಾಗ ನಾನು ಬೆಳಿಗ್ಗೆ ಬಸ್ಸು ಹತ್ತಿದರೆ ರಾತ್ರಿಯೇ ಇಳಿಯುವುದು. ಹಾಗಾಗಿ ಒಂದು ಮಗುವಿನ ಜೊತೆ ಇಡೀ ಹಗಲು ಕಳೆಯುವುದು ಎಪ್ಪತ್ತು ದಾಟಿದ ಮೇಲೆ ನನಗೆ ಸಿಕ್ಕಿದ ಹೊಸ ಉದ್ಯೋಗ. ಮೊದಲ ಮೂರು ದಿನ ಪುಟ್ಟಿ ಬಾಣಂತಿ ಕೋಣೆಯ ಬಾಗಿಲ ಬಳಿಯೇ ನಿಂತಳು. ಒಳಗೆ ಬಿಟ್ಟರೆ ಅಮ್ಮನ ಮೇಲೆ ಹತ್ತುತ್ತಾಳೆ, ಬಿಡದಿದ್ದರೆ ಅಳುತ್ತಾಳೆ. ನಾಲ್ಕನೆಯ ದಿನ ನನ್ನ ಹತ್ತಿರ ಬಂದು, ‘ಅಜ್ಜಾ, ಪಾಪುನ ವಾಪಸ್ ಕೊಟ್ಬಿಡೋಣ’ ಅಂದಳು. ಡಿಪಾಸಿಟ್ ವಾಪಸ್ ಕೇಳುವ ಗಿರಾಕಿಯನ್ನು ಸಮಾಧಾನ ಮಾಡಿ ಗೊತ್ತಿತ್ತು, ಇವಳನ್ನು ಹೇಗೆಂದು ಗೊತ್ತಾಗಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ಊರು ಹೇಗಿರುತ್ತದೆಂದು ಮಡಿಕೇರಿ ಕಡೆಯವರಿಗೆ ಗೊತ್ತು. ಬೆಳಿಗ್ಗೆ ಮಂಜು ಅಂಗಳಕ್ಕೇ ಬಂದು ಕೂತಿರುತ್ತದೆ. ಒಂಬತ್ತರ ಮೇಲೆ ಬಿಸಿಲು. ಅರೇಬಿಕಾ ಹಣ್ಣು ಕೊಯ್ಯುವ ಕಾಲ, ಕಣದ ತುಂಬ ಕಾಫಿ. ಎಲ್ಲರ ಕೈಯಲ್ಲೂ ಕೆಲಸ, ಮಗುವಿನ ಕೈಯಲ್ಲಿ ಮಾತ್ರ ಏನೂ ಇಲ್ಲ. ಅದೇ ತಾಪತ್ರಯಕ್ಕೆ ಕಾರಣ ಎಂದು ನನಗೆ ಹೇಳಿದವರು ರಸ್ತೆಯಾಚೆಯ ಟೀಚರ್. ಬಹಳ ವರ್ಷ ಶಿಶುವಿಹಾರದಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತರಾದವರು. ಮನೆಮಾತು ಕೊಂಕಣಿ, ತವರು ಮಂಗಳೂರು ಕಡೆ. ನನ್ನನ್ನು ಕರೆಯುವುದು ‘ಬ್ಯಾಂಕಣ್ಣ’ ಎಂದೇ. ‘ಬ್ಯಾಂಕಣ್ಣ, ನಾಳೆ ಹನ್ನೆರಡನೇ ತಾರೀಕು. ನಮ್ಮಲ್ಲಿ ಗೋದಲಿಗೆ ರಾಗಿ ಬಿತ್ತುತ್ತೇವೆ. ನಮ್ಮ ಮರಿಯೂ ಇದ್ದಾನೆ. ಪುಟ್ಟಿಯನ್ನು ಕರಕೊಂಡು ಬನ್ನಿ. ನೀವೂ ಬನ್ನಿ, ಆದರೆ ಕೈ ಹಿಂದೆ ಕಟ್ಟಿಕೊಂಡು ಬನ್ನಿ’ ಅಂದರು. ಕೊನೆಯ ಮಾತನ್ನು ನಾನು ತಮಾಷೆ ಎಂದುಕೊಂಡೆ.

ಮಕ್ಕಳೇ, ಗೋದಲಿ ಎಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಚಿಕ್ಕ ಮಾದರಿ. ಕ್ರಿಸ್‌ಮಸ್ ಹೊತ್ತಿಗೆ ಕ್ರೈಸ್ತರ ಮನೆಗಳಲ್ಲಿ, ಚರ್ಚಿನಲ್ಲಿ ಹುಲ್ಲು ಹಾಸಿ, ಗೊಂಬೆಗಳನ್ನಿಟ್ಟು ಕಟ್ಟುತ್ತಾರೆ. ಇದನ್ನು ಹೀಗೆ ಮಾಡಿ ತೋರಿಸುವ ಪದ್ಧತಿಯನ್ನು ಬೆಳೆಸಿದವರು ಇಟಲಿಯ ಅಸಿಸ್ಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆಗಳನ್ನೇ ನಿಲ್ಲಿಸಿ, ಹುಲ್ಲು ಹರಡಿ ತೋರಿಸಿದರಂತೆ. ಇದಾಗಿ 800 ವರ್ಷ ಕಳೆಯಿತು. ನಮ್ಮ ಕರಾವಳಿಯಲ್ಲಿ ಆ ಹುಲ್ಲನ್ನು ಎಲ್ಲಿಂದಲೋ ಕಿತ್ತು ತರುವ ಬದಲು ರಾಗಿಯನ್ನೋ ಭತ್ತವನ್ನೋ ಬಿತ್ತಿ ಬೆಳೆಸುವುದುಂಟು. ಕೊಡಗಿಗೂ ಈ ಹಬ್ಬ ನಿನ್ನೆ ಮೊನ್ನೆ ಬಂದದ್ದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಕತೆ 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿ ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸ ಅಲ್ಲಿ ಜಾಗ ಕೊಟ್ಟ. ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಮ್ಮಿಗೆ ಶಾಲೆಯಿಂದ ಹೋದವರಿದ್ದರೆ, ಆ ಕಟ್ಟಡ ಬ್ರಿಟಿಷರ ಕಾಲದ ಸೇಂಟ್ ಮಾರ್ಕ್ಸ್ ಚರ್ಚ್ ಆಗಿತ್ತೆಂದು ನೆನಪಿಟ್ಟುಕೊಳ್ಳಿ.

ಈಗ ರಾಗಿಗೆ ಬರೋಣ. ಹಿಂದಿನ ರಾತ್ರಿ ರಾಗಿಯನ್ನು ನೀರಿನಲ್ಲಿ ನೆನೆಸಬೇಕು. ಅಗಲವಾದ ತೆಂಗಿನ ಗೆರಟೆ, ಹಳೆಯ ಬಟ್ಟಲು ಯಾವುದಾದರೂ ಆಗುತ್ತದೆ. ಅದಕ್ಕೆ ಎರಡು ಬೆರಳು ಎತ್ತರ ಪುಡಿಮಣ್ಣು, ಅದರ ಮೇಲೆ ರಾಗಿ ಒತ್ತೊತ್ತಾಗಿ, ಮತ್ತೆ ಮೇಲೆ ಕಾಣದಷ್ಟೇ ಮಣ್ಣು. ನೀರು ಸುರಿಯಬಾರದು, ಕೈಯಿಂದ ಚಿಮುಕಿಸಬೇಕು. ಎರಡು ವರ್ಷದ ಮರಿಗೆ ಮಣ್ಣು ತುಂಬುವ ಕೆಲಸ, ಪುಟ್ಟಿಗೆ ರಾಗಿ ಚೆಲ್ಲುವ ಕೆಲಸ. ಅರ್ಧ ರಾಗಿ ನೆಲಕ್ಕೆ ಹೋಯಿತು. ನಾನು ಬಗ್ಗಿ ಹೆಕ್ಕಲು ಹೋದೆ. ಟೀಚರ್ ನನ್ನನ್ನು ನೋಡಿದರು, ನಾನು ಕೈ ಹಿಂದೆ ಕಟ್ಟಿಕೊಂಡೆ.

ಟೀಚರ್ ಪುಟ್ಟಿಗೆ ಒಂದಲ್ಲ, ಎರಡು ಗೆರಟೆ ಕೊಟ್ಟರು. ‘ಇದು ಮುಟ್ಟದೇ ಇರುವುದಕ್ಕೆ, ಇದು ಅಗೆದು ನೋಡುವುದಕ್ಕೆ’ ಅಂದರು. ಈ ಎರಡನೆಯ ಗೆರಟೆಯ ಬುದ್ಧಿವಂತಿಕೆ ನನಗೆ ಎರಡು ದಿನ ಕಳೆದ ಮೇಲೆ ಅರ್ಥವಾಯಿತು. ಮೂರು ವರ್ಷದ ಮಗುವಿಗೆ ‘ಮೊಳಕೆ ಬರುತ್ತದೆ, ಕಾಯಿ’ ಎಂದರೆ ಕಾಯುವುದಿಲ್ಲ, ಅಗೆಯುತ್ತದೆ. ಅಗೆದರೆ ಬೈಯುತ್ತೇವೆ. ಎರಡು ಗೆರಟೆ ಇದ್ದರೆ ಬೈಯುವ ಅಗತ್ಯವೇ ಇಲ್ಲ. ಪುಟ್ಟಿ ದಿನಕ್ಕೆ ಹತ್ತು ಸಲ ಅಗೆದಳು. ಮೂರನೆಯ ದಿನ ರಾಗಿಕಾಳಿಗೆ ಬಿಳಿ ಬಾಲ ಬಂದದ್ದನ್ನು ಮನೆಯಲ್ಲಿ ಮೊದಲು ಕಂಡವಳೂ ಅವಳೇ. ‘ಅಜ್ಜಾ, ಇದಕ್ಕೆ ಕಾಲು ಬಂತು’ ಎಂದು ಕೂಗಿ ಇಡೀ ಮನೆ ಎಬ್ಬಿಸಿದಳು. ಹಸುಗೂಸೂ ಎದ್ದಿತು, ನಮ್ಮಾಕೆಯಿಂದ ನನಗೆ ಬೈಗುಳವೂ ಬಿತ್ತು.

ಗೆರಟೆಯ ಜೊತೆಗೆ ಒಂದು ಕಾಗದದ ಸರಪಳಿ. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳಿಂದ ಶುರುವಾಗುವ ದಿನಗಳನ್ನು ಕ್ರೈಸ್ತರು ಆಗಮನ ಕಾಲ ಎನ್ನುತ್ತಾರೆ. ಕಾಯುವ ಕಾಲ ಅದು. ಜರ್ಮನಿ ಕಡೆ ಮಕ್ಕಳಿಗೆ ದಿನಕ್ಕೊಂದು ಪುಟ್ಟ ಬಾಗಿಲು ತೆರೆಯುವ ಕ್ಯಾಲೆಂಡರ್ ಕೊಡುವ ರೂಢಿ ಹುಟ್ಟಿದ್ದು ಇದರಿಂದಲೇ. ನಮ್ಮ ಮನೆಯಲ್ಲಿ ಹಳೆಯ ಪಂಚಾಂಗದ ಹಾಳೆಗಳಿದ್ದವು. ಅವನ್ನು ಪಟ್ಟಿ ಪಟ್ಟಿ ಕತ್ತರಿಸಿ, ಒಂದರೊಳಗೊಂದು ಕೊಂಡಿ ಹಾಕಿ, 13 ಕೊಂಡಿಯ ಸರಪಳಿ ಮಾಡಿದೆವು. ದಿನ ಬೆಳಿಗ್ಗೆ ಒಂದು ಕೊಂಡಿ ಹರಿಯಬೇಕು. ಮೂರೂವರೆ ವರ್ಷಕ್ಕೆ ‘ನಾಳೆ’, ‘ಮುಂದಿನ ವಾರ’ ಇವೆಲ್ಲ ಬರೀ ಗಾಳಿಮಾತು. ಸರಪಳಿ ಗಿಡ್ಡವಾಗುವುದು ಮಾತ್ರ ಕಣ್ಣಿಗೆ ಕಾಣುತ್ತದೆ. ಪುಟ್ಟಿ ಕೇಳಿದಳು, ‘ಇದು ಮುಗಿದರೆ ಅಮ್ಮ ಹೊರಗೆ ಬರ್ತಾಳಾ?’ ನಾನು ನಮ್ಮಾಕೆಯ ಮುಖ ನೋಡಿದೆ. ಅವಳು ಬೆರಳು ಮಡಿಸಿ ಏನೋ ಎಣಿಸಿ, ‘ಹೂಂ, ಅದೂ ಇಪ್ಪತ್ತೈದಕ್ಕೇ ಬರುತ್ತದೆ, ಅಮ್ಮ ಜಗಲಿಗೆ ಬಂದು ಕೂರುತ್ತಾಳೆ’ ಅಂದಳು. ಆ ಎಣಿಕೆಯಲ್ಲಿ ಎರಡು ಮೂರು ದಿನ ಆಚೀಚೆ ಇತ್ತು. ನಾನು ಆಡಿಟ್ ಮಾಡಲಿಲ್ಲ.

ಈ ನಡುವೆ ನೋಡಲು ಬಂದ ನೆಂಟರೊಬ್ಬರು, ‘ನಮ್ಮ ಮನೆಯಲ್ಲಿ ಇದೆಲ್ಲ ಯಾಕೆ?’ ಎಂದು ಕೇಳಿದರು. ಹುತ್ತರಿಗೆ ನಮ್ಮ ಮನೆಯ ತಂಬಿಟ್ಟು ಆಚೆ ಮನೆಗೆ ಹೋಗುತ್ತದೆ, ಡಿಸೆಂಬರಿನಲ್ಲಿ ಅವರ ಮನೆಯ ತಟ್ಟೆ ಈಚೆ ಬರುತ್ತದೆ. ಇದಕ್ಕಿಂತ ಹೆಚ್ಚಿನ ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರು ಹೊರಡುವಾಗ ಪುಟ್ಟಿ ಅವರಿಗೂ ಗೆರಟೆ ಅಗೆದು ತೋರಿಸಿದಳು.

ತಟ್ಟೆಯ ಮಾತು ಬಂತಲ್ಲ, ಅದಕ್ಕೆ ಅವರಲ್ಲಿ ಕುಸ್ವಾರ್ ಎನ್ನುತ್ತಾರೆ. ನೆವ್ರಿ, ಚಕ್ಕುಲಿ, ಉಂಡೆ ಎಲ್ಲ ಇರುತ್ತದೆ. ಅದರಲ್ಲಿ ಮಕ್ಕಳ ಕೈಗೆ ಹೇಳಿ ಮಾಡಿಸಿದ್ದು ಕಿಡ್ಯೊ. ಕಿಡ್ಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು! ಮೈದಾಕ್ಕೆ ಸಕ್ಕರೆ, ತೆಂಗಿನ ಹಾಲು ಹಾಕಿ ಕಲಸಿದ ಹಿಟ್ಟನ್ನು ಬೋರೆಹಣ್ಣಿನಷ್ಟು ಉಂಡೆ ಮಾಡಿ, ಫೋರ್ಕಿನ ಬೆನ್ನ ಮೇಲೋ ತೊಳೆದ ಹೊಸ ಬಾಚಣಿಗೆಯ ಮೇಲೋ ಒತ್ತಿ ಹೆಬ್ಬೆರಳಲ್ಲಿ ಸುರುಳಿ ಸುತ್ತಿದರೆ ಮೈಮೇಲೆ ಗೆರೆ ಇರುವ ಹುಳು ತಯಾರು. ಎಣ್ಣೆಯಲ್ಲಿ ಕರಿಯುವುದು ದೊಡ್ಡವರ ಕೆಲಸ. ಆ ಹೊತ್ತಿಗೆ ಮಕ್ಕಳು ಅಡುಗೆಮನೆಯಲ್ಲಿ ಇರಲೇಬಾರದು. ಪುಟ್ಟಿ ಹತ್ತು ಹತ್ತರ ಸಾಲು ಮಾಡಿದಳು. ಏಳು, ಎಂಟು, ಹನ್ನೊಂದು ಎಂದು ಎಣಿಸಿದಳು, ನಾನು ತುಟಿ ಕಚ್ಚಿಕೊಂಡೆ. ಮರಿ ಹಿಟ್ಟನ್ನು ಬರೀ ಹಿಚುಕುತ್ತ ಕೂತ. ‘ಹಿಚುಕಲಿ. ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುವುದು ಹೀಗೆ. ಬೆರಳು ಗಟ್ಟಿಯಾಗುವ ಮೊದಲೇ ಅ ಆ ಬರೆಸುತ್ತಾರೆ, ಆಮೇಲೆ ಅಕ್ಷರ ಚಂದ ಇಲ್ಲ ಎನ್ನುತ್ತಾರೆ’ ಅಂದರು ಟೀಚರ್. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಹೇಳಿಕೊಳ್ಳಬೇಕೆನಿಸಿತು, ಸುಮ್ಮನಾದೆ.

ನಕ್ಷತ್ರ ಮಾಡುವುದಕ್ಕೆ ಅಂಗಡಿಗೇ ಹೋಗಬೇಕಾಗಿಲ್ಲ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿ ನೋಡಿ, ಒಳ್ಳೆಯ ನಕ್ಷತ್ರ. ಹಿತ್ತಲಲ್ಲಿ ಧಾರೆಹುಳಿ ಇದ್ದರೆ ಇನ್ನೂ ಚೂಪಾದ ಮೂಲೆಗಳು. ನಮಗೆ ಸಿಕ್ಕ ಬೆಂಡೆಕಾಯಿಗಳಲ್ಲಿ ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ಅದನ್ನು ಎಣಿಸುವುದೇ ಒಂದು ಆಟವಾಯಿತು. ಎರಡು ವರ್ಷದವನು ಬೆಂಡೆಕಾಯಿಯನ್ನು ಬಾಯಿಗೂ ಒತ್ತುತ್ತಾನೆ, ಆದ್ದರಿಂದ ಬಣ್ಣ ಅಡುಗೆಮನೆಯದೇ ಆಗಲಿ. ಅರಿಶಿನದ ನೀರು ಹಳದಿ, ಬೀಟ್‌ರೂಟ್ ರಸ ಕೆಂಪು. ಇನ್ನೊಂದು, ನಮ್ಮ ತೋಟಗಳಲ್ಲಿ ನೆರಳಿಗೆಂದು ಬೆಳೆಸಿರುವ ಸಿಲ್ವರ್ ಓಕ್ ಎಲೆ. ಜರಿಗಿಡದ ಎಲೆಯ ಹಾಗೆ ಸೀಳು ಸೀಳಾಗಿ, ಬೆನ್ನು ಬೆಳ್ಳಿ ಬಣ್ಣ. ಆಸ್ಟ್ರೇಲಿಯದಿಂದ ಬಂದ ಮರ ಅದು. ಎಲೆಯನ್ನು ಮಗುಚಿ ಇಟ್ಟು, ಮೇಲೆ ತೆಳು ಕಾಗದ ಹಾಸಿ, ಬಣ್ಣದ ಮೇಣದ ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜಿದರೆ ಎಲೆಯೇ ಕಾಗದದೊಳಗಿಂದ ಎದ್ದು ಬರುತ್ತದೆ. ಪುಟ್ಟಿ ಅದನ್ನು ಮ್ಯಾಜಿಕ್ ಅಂದಳು. ನನಗೂ ಹಾಗೇ ಅನಿಸಿತು. ಉದುರಿದ ಕೊಂಬೆಯನ್ನೇ ಮಣ್ಣಿನ ಕುಂಡದಲ್ಲಿ ನೆಟ್ಟು ಅದಕ್ಕೆ ಈ ಕಾಗದಗಳನ್ನು ಕಟ್ಟಿದ್ದು ನಮ್ಮ ಕ್ರಿಸ್‌ಮಸ್ ಮರ.

ಅಂಟಿನ ವಿಷಯದಲ್ಲಿ ಒಂದು ತಪ್ಪು ಮಾಡುವುದರಲ್ಲಿದ್ದೆ. ಒಂದು ಚಮಚ ಮೈದಾಕ್ಕೆ ನಾಲ್ಕೈದು ಚಮಚ ತಣ್ಣೀರು ಹಾಕಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿದರೆ ಒಳ್ಳೆಯ ಅಂಟು. ಹಿಂದೆ ಪುಸ್ತಕ ಕಟ್ಟುವವರು ಅದಕ್ಕೆ ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಕಾಫಿ ಬೆಳೆಗಾರರ ಮನೆಯಲ್ಲಿ ಬೋರ್ಡೊ ದ್ರಾವಣಕ್ಕೆಂದು ಮೈಲುತುತ್ತ ಇದ್ದೇ ಇರುತ್ತದೆ. ಅಭ್ಯಾಸಬಲದಿಂದ ಡಬ್ಬಕ್ಕೆ ಕೈ ಹಾಕಿದೆ. ನಮ್ಮಾಕೆ ಬಂದು ಡಬ್ಬ ಕಸಿದುಕೊಂಡಳು. ಅದು ವಿಷ. ಮಕ್ಕಳ ಬೆರಳು ಅಂಟಿನಿಂದ ನೇರ ಬಾಯಿಗೇ ಹೋಗುವುದು. ಏನೂ ಬೆರೆಸದ ಅಂಟು ಎರಡು ಮೂರು ದಿನ ಇರುತ್ತದೆ, ಹುಳಿವಾಸನೆ ಬಂದರೆ ಚೆಲ್ಲಿ ಹೊಸತು ಮಾಡಿ.

ಹೆದರಿಸುತ್ತಿದ್ದೇನೆ ಎನ್ನಬೇಡಿ, ಇನ್ನೂ ಸ್ವಲ್ಪ ಇದೆ. ಗುಲಗಂಜಿ ನೋಡಲು ಚಂದ, ಗೊಂಬೆಗೆ ಕಣ್ಣು ಮಾಡಲು ಚಂದ, ಆದರೆ ಅದೂ ವಿಷದ ಬೀಜ. ಚಿಕ್ಕ ಮಕ್ಕಳ ಹತ್ತಿರ ಬೇಡವೇ ಬೇಡ. ಕಾಫಿಬೀಜ, ಕರಿಮೆಣಸು, ಕಡಲೆಬೀಜ, ಮಣಿ ಇವು ಎರಡು ವರ್ಷದ ಮಗುವಿನ ಮೂಗಿಗೋ ಗಂಟಲಿಗೋ ಹೋಗುತ್ತವೆ. ಮಿಣಮಿಣ ಮಿಂಚುವ ಅಗ್ಗದ ಕ್ರಿಸ್‌ಮಸ್ ಆಟಿಕೆಗಳಲ್ಲಿ ಗುಂಡಿಯಂಥ ಚಪ್ಪಟೆ ಸೆಲ್ ಇರುತ್ತದೆ. ಮಗು ಅದನ್ನು ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳವನ್ನು ಸುಡಲು ತೊಡಗುತ್ತದೆ. ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಅಂಥ ಆಟಿಕೆ ಮನೆಗೆ ತರದಿದ್ದರೆ ಇನ್ನೂ ಒಳ್ಳೆಯದು.

ಇನ್ನು ದೊಡ್ಡ ನಕ್ಷತ್ರ. ಇದರ ಚೌಕಟ್ಟು ಐದನೇ ಕ್ಲಾಸಿನಿಂದ ಮೇಲಿನವರು ಮಾಡಬಹುದು. ಒಂದೂವರೆ ಅಡಿ ಉದ್ದದ ಹತ್ತು ಬಿದಿರು ಕಡ್ಡಿ ಬೇಕು. ಪೆನ್ಸಿಲ್ ಎತ್ತದೆ ಐದು ಗೆರೆಯಲ್ಲಿ ನಕ್ಷತ್ರ ಬಿಡಿಸುತ್ತೀರಲ್ಲ, ಹಾಗೆ ಐದು ಕಡ್ಡಿ ಜೋಡಿಸಿ ನೂಲಿನಿಂದ ಕಟ್ಟಿ. ಇಂಥವು ಎರಡು. ಒಂದರ ಮೇಲೊಂದಿಟ್ಟು ಐದು ತುದಿಗಳನ್ನೂ ಬಿಗಿಯಿರಿ. ಆಮೇಲೆ ಒಳಗಿನ ಐದು ಸಂದುಗಳಲ್ಲಿ ಮೂರು ಇಂಚಿನ ಐದು ತುಂಡು ಕಡ್ಡಿ ಸಿಕ್ಕಿಸಿದರೆ ನಕ್ಷತ್ರದ ಹೊಟ್ಟೆ ಉಬ್ಬುತ್ತದೆ. ಅದಕ್ಕೆ ಗಾಳಿಪಟದ ಬಣ್ಣದ ಕಾಗದ ಅಂಟಿಸಬೇಕು. ಒಳಗೆ ಮೇಣದಬತ್ತಿ ಬೇಡ, ಚಿಕ್ಕ ಎಲ್‌ಇಡಿ ಬಲ್ಬ್ ಸಾಕು. ದೀಪಾವಳಿಯ ಗೂಡುದೀಪ ಕಟ್ಟಿ ಗೊತ್ತಿದ್ದವರಿಗೆ ಇದೇನೂ ಕಷ್ಟವಲ್ಲ.

ಚೌಕಟ್ಟು ನಾನು ಕಟ್ಟಿದೆ. ಕಾಗದ ಹರಿಯುವುದು ಮರಿಯ ಕೆಲಸ. ಎರಡು ವರ್ಷದವರು ಹೇಗೂ ಕಾಗದ ಹರಿಯುತ್ತಾರೆ, ಇಲ್ಲಿ ಅದಕ್ಕೆ ಶಹಭಾಸ್ ಸಿಗುತ್ತದೆ. ಚೂರುಗಳನ್ನು ಅಂಟಿಸುವುದು ಪುಟ್ಟಿಯ ಕೆಲಸ. ಒಂದು ಇಡೀ ಮಧ್ಯಾಹ್ನ ಅವಳು ಬಾಗಿಲ ಬಳಿಗೂ ಹೋಗದೆ, ಅಮ್ಮಾ ಎಂದೂ ಕರೆಯದೆ, ಮೊಣಕೈವರೆಗೆ ಅಂಟು ಮೆತ್ತಿಕೊಂಡು ಕೂತಿದ್ದಳು. ಸಂಜೆ ನೋಡಿದರೆ ಒಂದು ಮೂಲೆಯಲ್ಲಿ ಕೆಂಪು ಚೂರುಗಳ ರಾಶಿ, ಒಂದರ ಮೇಲೊಂದು ಹತ್ತು ಪದರ. ಇನ್ನೊಂದು ಮೂಲೆ ಬರೀ ಕಡ್ಡಿ. ನಡುವೆ ಅಂಗೈಯಗಲ ತೂತು. ಒಂದು ಬದಿ ಭಾರವಾಗಿ ನಕ್ಷತ್ರ ಓರೆಯಾಗಿ ನೇತಾಡುತ್ತಿತ್ತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಎದ್ದು ಕೂತೆ. 34 ವರ್ಷ ಒಂದು ರೂಪಾಯಿ ವ್ಯತ್ಯಾಸ ಬಂದರೂ ಲೆಕ್ಕ ತಾಳೆಯಾಗುವವರೆಗೆ ಮನೆಗೆ ಹೋಗದವನ ಕೈ ಸುಮ್ಮನಿರುವುದಿಲ್ಲ. ಹೆಚ್ಚಿನ ಚೂರು ಕಿತ್ತೆ, ತೂತು ಮುಚ್ಚಿದೆ, ಕೆಂಪು, ಹಳದಿ, ಹಸಿರು ಒಂದಾದ ಮೇಲೊಂದು ಬರುವ ಹಾಗೆ ಸಾಲಾಗಿ ಅಂಟಿಸಿದೆ. ಹನ್ನೆರಡೂವರೆಗೆ ಮುಗಿಯಿತು. ಬಲ್ಬ್ ಹಾಕಿ ನೋಡಿದೆ. ಅಂಗಡಿಯದಕ್ಕಿಂತ ಚೆನ್ನಾಗಿತ್ತು. ಪುಟ್ಟಿ ಬೆಳಿಗ್ಗೆ ಕುಣಿಯುತ್ತಾಳೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಅವಳು ಬಂದು ನೋಡಿದಳು. ಕೆಂಪು ರಾಶಿ ಇದ್ದ ಮೂಲೆಯನ್ನು ಬೆರಳಿನಿಂದ ಸವರಿದಳು. ‘ಅಜ್ಜಾ, ನಂದು ಎಲ್ಲಿ?’ ಅಂದಳು. ಇದೇ ನಿಂದು ಪುಟ್ಟಿ ಅಂದೆ. ‘ಇದು ನಂದಲ್ಲ. ಇದು ನಿಂದು.’ ಅಳಲಿಲ್ಲ. ಅತ್ತಿದ್ದರೆ ಏನಾದರೂ ಮಾಡಬಹುದಿತ್ತು. ಹೋಗಿ ಬಾಣಂತಿ ಕೋಣೆಯ ಬಾಗಿಲ ಬಳಿ ಮೊದಲಿನ ಹಾಗೆ ನಿಂತಳು. ಆ ದಿನ ಸರಪಳಿಯ ಕೊಂಡಿಯನ್ನೂ ಹರಿಯಲಿಲ್ಲ, ಗೆರಟೆಗೆ ನೀರೂ ಹಾಕಲಿಲ್ಲ.

ನಾನು ಟೀಚರ್ ಮನೆಗೆ ಹೋಗಿ ನಡೆದದ್ದು ಹೇಳಿದೆ. ಅವರು ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿ ಗೋದಲಿಯ ಗೊಂಬೆಗಳನ್ನು ಒಂದೊಂದಾಗಿ ಹೊರಗಿಟ್ಟರು. ಗದ್ದೆಯ ಜೇಡಿಮಣ್ಣಿನಲ್ಲಿ ಮಾಡಿ ಒಣಗಿಸಿದವು. ಮೂಗಿಲ್ಲದ ಮರಿಯಮ್ಮ. ಕುರಿಯೋ ಆಲೂಗಡ್ಡೆಯೋ ಗೊತ್ತಾಗದ ನಾಲ್ಕು ಕುರಿಗಳು. ಮೂರೇ ಕಾಲಿನ ಒಂದು ದನ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಜಾರಿದ್ದು ನಿಮಗೆಲ್ಲ ನೆನಪಿರಬಹುದು. ಆ ಮಳೆಯಲ್ಲಿ ಅವರ ಮನೆಯ ಹಿಂಭಾಗ ಕುಸಿದು ಹೋಗಿತ್ತು. ತವರಿನಿಂದ ಬಂದಿದ್ದ, ಅವರ ತಾಯಿ ಜೋಪಾನ ಮಾಡಿದ್ದ ಗೋದಲಿಯ ಗೊಂಬೆಗಳ ಪೆಟ್ಟಿಗೆ ಮಣ್ಣಿನಡಿ ಹೋಯಿತು. ಆ ಡಿಸೆಂಬರಿನಲ್ಲಿ ಗೋದಲಿ ಇಡುವುದೇ ಬೇಡ ಎಂದು ಕೂತಿದ್ದರಂತೆ. ಅಕ್ಕಪಕ್ಕದ ನಾಲ್ಕಾರು ಮಕ್ಕಳು ಬಂದು ಕೇಳಿ, ಗದ್ದೆಯ ಮಣ್ಣು ತಂದು ಇವನ್ನು ಮಾಡಿದರು. ‘ಮೂರು ಕಾಲಿನ ದನ ಮಾಡಿದವನು ಈಗ ಹೈಸ್ಕೂಲಿನಲ್ಲಿದ್ದಾನೆ. ಪ್ರತಿ ವರ್ಷ ಬಂದು ಅದು ಇದೆಯಾ ಅಂತ ನೋಡಿಕೊಂಡು ಹೋಗುತ್ತಾನೆ. ಒಂದು ಕಾಲು ಅಂಟಿಸಲು ನನಗೆ ಎರಡು ನಿಮಿಷ ಸಾಕು ಬ್ಯಾಂಕಣ್ಣ’ ಎಂದಷ್ಟೇ ಹೇಳಿ ಗೊಂಬೆಗಳನ್ನು ಮತ್ತೆ ಡಬ್ಬಕ್ಕೆ ಹಾಕಿದರು.

ಮನೆಗೆ ಬಂದು ನನ್ನ ನಕ್ಷತ್ರದ ಕಾಗದವನ್ನೆಲ್ಲ ಹರಿದು ತೆಗೆದೆ. ಮೈದಾ ಅಂಟು ಗಟ್ಟಿ, ಒದ್ದೆಬಟ್ಟೆಯಿಂದ ಉಜ್ಜಿ ಉಜ್ಜಿ ಕಡ್ಡಿ ಬರಿದು ಮಾಡಬೇಕಾಯಿತು. ಪುಟ್ಟಿ ದೂರದಿಂದ ನೋಡುತ್ತಿದ್ದಳು. ‘ಅಜ್ಜ ತಪ್ಪು ಮಾಡಿದ. ಇದು ನಿನ್ನದೇ, ನೀನೇ ಅಂಟಿಸು’ ಅಂದೆ. ಕೂಡಲೇ ಬರಲಿಲ್ಲ. ಮಾರನೆಯ ದಿನ ಎರಡು ಕೊಂಡಿ ಒಟ್ಟಿಗೆ ಹರಿದು ಲೆಕ್ಕ ಸರಿ ಮಾಡಿದಳು, ಆಮೇಲೆ ಅಂಟಿನ ಬಟ್ಟಲು ತೆಗೆದುಕೊಂಡಳು. ನನಗೆ ಬಟ್ಟಲು ಹಿಡಿಯುವ ಕೆಲಸ ಕೊಟ್ಟಳು. ‘ಅಜ್ಜಾ, ನೀನು ಮುಟ್ಟಬೇಡ, ಬರೀ ಹಿಡ್ಕೋ.’ ಈ ಸಲವೂ ತೂತು ಇತ್ತು. ಕೆಂಪು ಮುಗಿದಿತ್ತು, ಆದ್ದರಿಂದ ರಾಶಿ ಹಸಿರಿನದು. ಒಂದು ಬೆಂಡೆಕಾಯಿ ಚೂರನ್ನೂ ಅಂಟಿಸಿದ್ದಳು. ಅದು ಎರಡು ದಿನದಲ್ಲಿ ಕಪ್ಪಾಗಿ ಉದುರಿತು.

ಇಪ್ಪತ್ತನಾಲ್ಕರ ಸಂಜೆ ಗೆರಟೆ ಹಿಡಿದುಕೊಂಡು ಆಚೆ ಮನೆಗೆ ಹೋದೆವು. ಮುಟ್ಟದೇ ಬಿಟ್ಟ ಗೆರಟೆಯಲ್ಲಿ ಬೆರಳುದ್ದ ರಾಗಿ ಪೈರು, ಒತ್ತಾಗಿ, ಹಸಿರಾಗಿ. ಅಗೆದ ಗೆರಟೆಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ, ನನ್ನ ತಲೆಯ ಹಾಗೆ. ಪುಟ್ಟಿ ಗೋದಲಿಯ ಮುಂದೆ ಇಟ್ಟದ್ದು ಅಗೆದದ್ದನ್ನೇ. ಟೀಚರ್ ಮೂರು ಕಾಲಿನ ದನವನ್ನು ಆ ಗೆರಟೆಗೆ ಒರಗಿಸಿ ನಿಲ್ಲಿಸಿದರು. ಕಾಲಿಲ್ಲದ ಬದಿಗೆ ಗೆರಟೆ ಸರಿಯಾಗಿ ಆಸರೆಯಾಯಿತು. ಮರಿ ಒಂದು ಕಿಡ್ಯೊ ತಂದು ದನದ ಬಾಯಿಯ ಹತ್ತಿರ ಇಟ್ಟ, ಸ್ವಲ್ಪ ಹೊತ್ತು ನೋಡಿದ, ದನ ತಿನ್ನದಿದ್ದಾಗ ತಾನೇ ತಿಂದ.

ಮಾರನೆಯ ದಿನ ಸರಪಳಿ ಮುಗಿದಿತ್ತು. ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ಬಿಸಿಲು ಬಂದ ಮೇಲೆ ಜಗಲಿಗೆ ಬಂದು ಕೂತಳು. ಪುಟ್ಟಿ ಅವಳ ಮೇಲೆ ಹತ್ತಲಿಲ್ಲ. ಕೂಸಿನ ಹತ್ತಿರ ಹೋಗಿ ಮೇಲೆ ಬೆರಳು ತೋರಿಸಿ, ‘ಪಾಪು, ನೋಡು, ಅದು ನಂದು. ಅಜ್ಜ ಹಿಡ್ಕೊಂಡಿದ್ದ’ ಅಂದಳು.

ಅವರೆಲ್ಲ ಬೆಂಗಳೂರಿಗೆ ಹೋಗಿ ತಿಂಗಳುಗಳಾದವು. ಮಳೆಗಾಲದಲ್ಲಿ ನಕ್ಷತ್ರವನ್ನು ಬಿಚ್ಚಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ಮೊನ್ನೆ ಇಳಿಸಿ ಮತ್ತೆ ಜಗಲಿಯಲ್ಲಿ ಕಟ್ಟಿದ್ದೇನೆ. ಹೊಗೆ ಹಿಡಿದು ಬಣ್ಣ ಮಂಕಾಗಿದೆ, ತೂತು ಹಾಗೇ ಇದೆ, ಹಸಿರು ರಾಶಿಯ ಬದಿಗೆ ವಾಲಿಕೊಂಡೇ ಇದೆ. ದಾರ ಒಂದಿಷ್ಟು ಎಳೆದು ಕಟ್ಟಿದರೆ ನೆಟ್ಟಗಾಗುತ್ತದೆ ಎಂದು ಏಣಿಯ ಮೇಲೆ ನಿಂತು ಒಮ್ಮೆ ಕೈ ಎತ್ತಿದೆ. ಕೆಳಗೆ ಏಣಿ ಹಿಡಿದು ನಿಂತಿದ್ದ ನಮ್ಮಾಕೆ ಕೆಮ್ಮಿದಳು. ಇಳಿದು ಬಂದು ರಾಗಿ ನೆನೆಸಿಟ್ಟೆ. ಇಪ್ಪತ್ತನೇ ತಾರೀಕಿಗೆ ಮಕ್ಕಳು ಬರುತ್ತಾರಂತೆ. ಈ ಸಲ ಗೆರಟೆ ನಾಲ್ಕು ಬೇಕು.